ಆ ಮೂರು ಅಂಕ ಎಲ್ಲಿ ಹೋಯ್ತು?

ಸೆಪ್ಟೆಂಬರ್ 2, ಸೋಮವಾರ

ಚೀಟಿ ಎತ್ತಿದರು. ನನ್ನ ತಲೆಗೇ ಬಂತು.

ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕಿ ಎರಡು ಚೀಟಿ ಮಡಚಿ ಸೀಮೆಸುಣ್ಣದ ಡಬ್ಬಿಯಲ್ಲಿ ಹಾಕಿ ಕುಲುಕಿದಳು. ಒಂಬತ್ತನೇ ತರಗತಿಯ ಎರಡು ವಿಭಾಗಗಳಲ್ಲಿ ಒಂದಕ್ಕೆ ಈ ಅವಧಿ ಮುಗಿಯುವವರೆಗೂ ಗಣಿತದಲ್ಲಿ ಅಂಕ ಕೊಡುವಂತಿಲ್ಲ. ಕಿರುಪರೀಕ್ಷೆಗಳು ನಡೆಯುತ್ತವೆ, ಉತ್ತರಪತ್ರಿಕೆ ತಿದ್ದಲೂ ಬೇಕು. ಆದರೆ ಅಂಕದ ಜಾಗದಲ್ಲಿ ಪ್ರತಿ ಮಗುವಿಗೂ ಎರಡು ಮೂರು ವಾಕ್ಯ ಬರೆಯಬೇಕು. ಏನು ಚೆನ್ನಾಗಿದೆ, ಮುಂದೆ ಏನು ಮಾಡಬೇಕು ಎಂದು. ಅವಧಿಯ ಕೊನೆಗೆ ಎರಡೂ ವಿಭಾಗಕ್ಕೆ ಒಂದೇ ದೊಡ್ಡ ಪರೀಕ್ಷೆ, ಅದಕ್ಕೆ ಎಂದಿನಂತೆ ಅಂಕ. ಹೀಗೆ ಮಾಡಿದರೆ ಮಕ್ಕಳ ಮನಸ್ಸು ಹಗುರವಾಗುತ್ತದೆಯೇ, ಕಲಿಕೆ ಸುಧಾರಿಸುತ್ತದೆಯೇ ಎಂದು ಅಳೆಯುತ್ತಾರಂತೆ.

ಬಿ ವಿಭಾಗಕ್ಕೆ ಗಣಿತ ಹೇಳುವ ಮೇಷ್ಟ್ರು ಚೀಟಿ ಬಿಡಿಸಿ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು. "ಬದುಕ್ಕೊಂಡೆ ಕಣ್ರೀ. ನಂಗೆ ಬಂದಿದ್ರೆ ಬರೆದೂ ಬರೆದೂ ಕೈ ಬಿದ್ದುಹೋಗ್ತಿತ್ತು."

ನಾನು ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆ. "ಮೇಡಂ, ಅಂಕ ಇಲ್ಲದ ಗಣಿತ ಅಂದ್ರೆ ಮುಳ್ಳಿಲ್ಲದ ಗಡಿಯಾರ. ನಂಗೆ ಆಗಲ್ಲ."

"ಒಪ್ಕೊಂಡು ಆಗಿದೆ," ಎಂದರು. "ಒಂದೇ ಅವಧಿ ತಾನೇ? ಸಹಿಸ್ಕೊಳ್ಳಿ."

ಮನೆಗೆ ಬಂದು ಗೊಣಗುತ್ತಲೇ ಇದ್ದೆ. ನಮ್ಮವರು ಅಲಮಾರಿಯಿಂದ ಈ ಖಾಲಿ ಡೈರಿ ತೆಗೆದುಕೊಟ್ಟರು. "ಸಿಟ್ಟೆಲ್ಲ ಇದರಲ್ಲಿ ಬರಿ. ನನ್ನ ಕಿವಿಗೂ ವಯಸ್ಸಾಗಿದೆ." ಮೂವತ್ತು ವರ್ಷ ರೈಲು ಓಡಿಸಿ ನಿವೃತ್ತರಾದವರು ಈಗ ಅಡುಗೆ ಕಲಿಯುತ್ತಿದ್ದಾರೆ. ರೈಲಿಗಿದ್ದ ಸಮಯಪಾಲನೆ ಒಲೆಗಿಲ್ಲ.

ಇಂದಿನ ಅಡುಗೆಗೆ ಹತ್ತಕ್ಕೆ ಐದು. ದಿನಕ್ಕೆ ಮೂರು.

ಸೆಪ್ಟೆಂಬರ್ 10, ಮಂಗಳವಾರ

ಮೊದಲ ಕಿರುಪರೀಕ್ಷೆಯ ಕಟ್ಟು ತಿದ್ದಿ ಮುಗಿಯಿತು. ಮಾಮೂಲಿಯಾಗಿ ಒಂದು ಸಂಜೆಯ ಕೆಲಸ, ಈ ಸಲ ಶನಿವಾರ ಭಾನುವಾರ ಎರಡೂ ನುಂಗಿತು. ಹತ್ತನೇ ಹಾಳೆಗೆ ಬರುವಷ್ಟರಲ್ಲಿ ನನ್ನ ಬಳಿ ಇದ್ದ ಮಾತೆಲ್ಲ ಮುಗಿದುಹೋಗಿತ್ತು. ಆಮೇಲೆ ಎಲ್ಲರಿಗೂ "ಚೆನ್ನಾಗಿದೆ", "ಪರವಾಗಿಲ್ಲ", "ಸಾಲದು" ಎಂದು ಬರೆಯುತ್ತ ಹೋದೆ.

ಸಂಶೋಧಕಿ ಓದಿ ನಯವಾಗಿ ಕೇಳಿದಳು. "ಮೇಡಂ, ಇದೂ ಅಂಕವೇ ಅಲ್ವಾ? ಅಕ್ಷರದಲ್ಲಿ ಬರೆದಿದೀರ ಅಷ್ಟೇ."

ನನ್ನ ಮಗಳಿಗಿಂತ ಚಿಕ್ಕವಳು. ಕಟ್ಟು ವಾಪಸ್ ಎಳೆದುಕೊಂಡೆ. ಯಾಕೆಂದರೆ ಅವಳು ಹೇಳಿದ್ದು ಸರಿಯಿತ್ತು.

ಕೊನೆಗೆ ಬಂತು "ಬಿಳಿಹಾಳೆ"ಯ ಪತ್ರಿಕೆ. ಇವನು ಹಿಂದಿನ ಸಾಲಿನ ಹುಡುಗ. ಎಲ್ಲ ಪರೀಕ್ಷೆಯಲ್ಲೂ ಹೆಸರು ಮಾತ್ರ ಬರೆದು ಕೊಡುವುದರಿಂದ ಸ್ಟಾಫ್ ರೂಮಿನಲ್ಲಿ ಆ ಹೆಸರು ಬಿದ್ದಿದೆ. ಬರೀ ಹೆಸರಿಗೆ ಎರಡು ವಾಕ್ಯದ ಅಭಿಪ್ರಾಯ ಏನು ಬರೆಯುವುದು? "ಕಾಗದ ಸ್ವಚ್ಛವಾಗಿದೆ. ಹೆಸರಿನಲ್ಲಿ ಕಾಗುಣಿತ ತಪ್ಪಿಲ್ಲ" ಎಂದು ಬರೆದೆ. ಸಂಶೋಧಕಿ ಅದನ್ನೋದಿ ನಗು ತಡೆಯಲಾಗದೆ ಕುರ್ಚಿ ಹುಡುಕಿಕೊಂಡು ಕೂತಳು. ನನಗೂ ಸ್ವಲ್ಪ ನಗು ಬಂತು. ಸ್ವಲ್ಪವೇ.

ದಿನಕ್ಕೆ ನಾಲ್ಕು. ಅಡುಗೆಗೆ ನಾಲ್ಕೂವರೆ. ಉಪ್ಪಿಗೆ ಅರ್ಧ ಕಳೆದಿದೆ.

ಸೆಪ್ಟೆಂಬರ್ 11, ಬುಧವಾರ

ಪತ್ರಿಕೆ ಹಂಚಿದೆ. ಮಕ್ಕಳು ಹಾಳೆ ತಿರುಗಿಸಿ ನೋಡಿದರು, ಮೂಲೆ ಮಡಿಕೆ ಬಿಡಿಸಿದರು. ಒಬ್ಬ ಕಿಟಕಿಯ ಬೆಳಕಿಗೆ ಹಿಡಿದು ಒಳಗೇನಾದರೂ ಅಂಕ ಅಡಗಿದೆಯೇ ಎಂದು ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ ನಾನು ಬರೆದದ್ದನ್ನು ಓದಿದರು.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ "ನೂರು" ನಿಂತಿದ್ದಳು. ಸದಾ ನೂರಕ್ಕೆ ನೂರು ತೆಗೆಯುವವಳಾದ್ದರಿಂದ ಗೆಳತಿಯರು ಇಟ್ಟ ಹೆಸರು. ನನ್ನ ಹೆಮ್ಮೆಯ ಹುಡುಗಿ. ನನ್ನ ಪಾಠಕ್ಕೆ ಸಾಕ್ಷಿ ಬೇಕೆಂದರೆ ಅವಳನ್ನು ನಿಲ್ಲಿಸಿದರೆ ಸಾಕು.

"ಮಿಸ್, ನಂದು ಎಷ್ಟು?"

"ಬರೆದಿದೀನಲ್ಲಮ್ಮ, ಓದಿಲ್ವಾ?"

"ಓದಿದೆ. ಆದ್ರೆ ಎಷ್ಟು?"

ಕಳಿಸಿಬಿಟ್ಟೆ. ಪಾಪ, ಅವಳಿಗಿಂತ ನನಗೇ ಬೇಸರವಾಯಿತು. ಈ ಸಂಶೋಧನೆ ಒಳ್ಳೆಯ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ. ಹತ್ತಕ್ಕೆ ಎರಡು.

ಸೆಪ್ಟೆಂಬರ್ 19, ಗುರುವಾರ

ಒಂದು ವಿಚಿತ್ರ. ಎರಡನೇ ಕಿರುಪರೀಕ್ಷೆಯಲ್ಲಿ ಬಿಳಿಹಾಳೆ ಮೊದಲ ಲೆಕ್ಕಕ್ಕೆ ಎರಡು ಸಾಲು ಬರೆದಿದ್ದಾನೆ. ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ: "ಇಲ್ಲಿವರೆಗೆ ಬಂತು ಮಿಸ್. ಮುಂದೆ ಭಿನ್ನರಾಶಿ ಇದೆ."

ಮುಂದೆ ಹುಲಿ ಇದೆ ಎನ್ನುವ ಹಾಗೆ ಬರೆದಿದ್ದಾನೆ!

ಕರೆಸಿ ಕೇಳಿದೆ. ಐದನೇ ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಟ್ಟ ತಿಂಗಳು ಅವನಿಗೆ ಕಾಮಾಲೆಯಂತೆ. ಶಾಲೆಗೆ ಬರುವಷ್ಟರಲ್ಲಿ ಪಾಠ ಮುಗಿದಿತ್ತು. ಆಮೇಲೆ ಯಾರನ್ನೂ ಕೇಳಲಿಲ್ಲ. "ಯಾಕೋ ಕೇಳಲಿಲ್ಲ?" ಎಂದೆ. "ಎಲ್ಲಾರಿಗೂ ಗೊತ್ತಿರೋದನ್ನ ಹೆಂಗೆ ಕೇಳೋದು ಮಿಸ್?" ಎಂದ.

ನಾಲ್ಕು ವರ್ಷ ಎಲ್ಲರೂ ಇವನಿಗೆ ಸೊನ್ನೆ ಹಾಕಿದ್ದೇವೆ. ಸೊನ್ನೆ ನೋಡಿದವರಿಗೆ ಕಾಮಾಲೆ ಎಲ್ಲಿ ಕಾಣಬೇಕು? ನಾಳೆಯಿಂದ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಬಾ ಎಂದಿದ್ದೇನೆ. ಇದಕ್ಕೂ ಸಂಶೋಧನೆಗೂ ಸಂಬಂಧವಿಲ್ಲ, ಇದು ನನ್ನ ಕೆಲಸ.

ಅಡುಗೆಗೆ ಆರು. ಇವರು ಬೀನ್ಸ್ ಅನ್ನು ಒಂದೇ ಅಳತೆಗೆ ಹೆಚ್ಚಲು ಕಲಿತಿದ್ದಾರೆ.

ಸೆಪ್ಟೆಂಬರ್ 27, ಶುಕ್ರವಾರ

ತಪ್ಪು ಮಾಡಿದೆ.

ನೂರು ಪ್ರತಿದಿನ ಬರುತ್ತಿದ್ದಾಳೆ. ಬಾಗಿಲ ಬಳಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಶೂ ನೆಲಕ್ಕೆ ಉಜ್ಜುತ್ತ. ಮುಖ ಸಣ್ಣದಾಗಿದೆ. ಇಂದು ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. "ಮಿಸ್, ನಾನು ಯಾರಿಗೂ ಹೇಳಲ್ಲ. ನಂಗೊಬ್ಬಳಿಗೇ ಹೇಳಿ. ಪ್ಲೀಸ್," ಎಂದು ಪಿಸುಗುಟ್ಟಿದಳು. ಬಾಗಿಲು ಮುಂದೆ ಮಾಡಿದೆ. ಪತ್ರಿಕೆ ತೆಗೆದು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿಬಿಟ್ಟೆ.

"ತೊಂಬತ್ತೇಳು. ಹೋಗು, ನೆಮ್ಮದಿಯಾಗಿರು."

ನೆಮ್ಮದಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳ ತುಟಿ ಬಿಳಿಚಿಕೊಂಡಿತು.

"ಆ ಮೂರು ಎಲ್ಲಿ ಹೋಯ್ತು, ಮಿಸ್?"

ಪತ್ರಿಕೆ ತೋರಿಸಿದೆ, ವಿವರಿಸಿದೆ. ಕೇಳಿಸಿಕೊಳ್ಳಲೇ ಇಲ್ಲ. ತಲೆಯಾಡಿಸುತ್ತಿದ್ದಳು, ಕಣ್ಣು ಮಾತ್ರ ಆ ಮೂರನ್ನೇ ಹುಡುಕುತ್ತಿತ್ತು. ಅಪ್ಪ ಕೇಳಿದರೆ ಏನು ಹೇಳಲಿ ಎಂದು ಅತ್ತಳು. ತೊಂಬತ್ತೇಳಕ್ಕೆ ಅತ್ತವರನ್ನು ನಾನು ನೋಡಿರಲಿಲ್ಲ. ಅಥವಾ ನೋಡಿದ್ದೆನೋ ಏನೋ, ಪತ್ರಿಕೆ ಹಂಚಿ ಬೋರ್ಡಿನ ಕಡೆ ತಿರುಗಿಬಿಡುವವಳಿಗೆ ಏನು ಗೊತ್ತಾಗುತ್ತದೆ?

ಅಡುಗೆ ಏನಿತ್ತೋ ಗಮನಿಸಲಿಲ್ಲ.

ಅಕ್ಟೋಬರ್ 1, ಮಂಗಳವಾರ

ಸಂಶೋಧಕಿಗೆ ಹೇಳಿದೆ. ನಿಯಮ ಮುರಿದಿದ್ದೇನೆ, ನಿಮ್ಮ ಲೆಕ್ಕಾಚಾರ ಕೆಟ್ಟಿರಬಹುದು ಎಂದೆ. ಬೈಯಲಿ ಎಂದು ಕಾದೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು:

"ಆ ಹುಡುಗಿ ಹೇಗಿದಾಳೆ ಈಗ?"

ಅಂಕಿಅಂಶದ ಹುಡುಗಿ ಅಂದುಕೊಂಡಿದ್ದೆ ಇವಳನ್ನು. ಅವಧಿಯ ಶುರುವಿನಲ್ಲಿ ಮಕ್ಕಳು ಹೆಸರು ಹಾಕದೆ ತುಂಬಿದ ಪ್ರಶ್ನಾವಳಿಯಲ್ಲಿ ಪರೀಕ್ಷೆಯ ಹಿಂದಿನ ದಿನ ನಿದ್ದೆ ಬರುವುದಿಲ್ಲ ಎಂದವರಲ್ಲಿ ಜಾಣ ಮಕ್ಕಳೇ ಹೆಚ್ಚಿರಬೇಕು ಎಂದು ಅವಳ ಊಹೆ. "ಸೋಲೋರಿಗೆ ಸೋತು ಅಭ್ಯಾಸ ಇರತ್ತೆ ಮೇಡಂ. ಗೆಲ್ಲೋರಿಗೇ ಕಷ್ಟ," ಎಂದಳು. ತಾನೂ ಶಾಲೆಯಲ್ಲಿ ಮೊದಲ ಸ್ಥಾನದವಳಂತೆ. ಇವತ್ತಿಗೂ ಉಗುರು ಕಚ್ಚುತ್ತಾಳೆ, ನೋಡಿದೆ.

ಅಕ್ಟೋಬರ್ 3, ಗುರುವಾರ

ಮೂರನೇ ಕಿರುಪರೀಕ್ಷೆ. ಗಂಟೆ ಹೊಡೆದರೂ ನೂರು ಜಾಗದಲ್ಲಿಲ್ಲ. ಪಕ್ಕದವಳು ನೆಲ ನೋಡುತ್ತ ಹೇಳಿದಳು: "ಬಾತ್‌ರೂಮಲ್ಲಿದಾಳೆ ಮಿಸ್. ಯಾವಾಗ್ಲೂ ಪರೀಕ್ಷೆಗೆ ಮುಂಚೆ ಹೋಗ್ತಾಳೆ. ವಾಂತಿ ಆಗತ್ತೆ. ಇವತ್ತು ಹೊರಗೇ ಬರ್ತಿಲ್ಲ."

ಯಾವಾಗಲೂ!

ಪ್ರಶ್ನೆ ಹಂಚಿ, ಬಿ ವಿಭಾಗದ ಮೇಷ್ಟ್ರನ್ನು ತರಗತಿಯಲ್ಲಿ ನಿಲ್ಲಿಸಿ ಓಡಿದೆ. ಕೊನೆಯ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ತಟ್ಟಿದೆ.

"ಪರೀಕ್ಷೆ ಬರೀ ಅಂತ ಕರೆಯೋಕೆ ಬಂದಿಲ್ಲ ಕಣಮ್ಮ," ಎಂದೆ.

ಒಳಗೆ ನಲ್ಲಿ ಬಿಟ್ಟ ಸದ್ದು.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕೈ ತೊಳೆಯುವ ಜಾಗದ ಪಕ್ಕದ ಕಟ್ಟೆಯ ಮೇಲೆ ಕೂತೆ. ಒದ್ದೆಯಿತ್ತು. ಸೀರೆ ಹಾಳಾಯಿತು.

"ನಾನಿಲ್ಲೇ ಕೂತಿದೀನಿ. ಕಟ್ಟೆ ಒದ್ದೆ ಇದೆ, ಮಂಡಿ ಬೇರೆ ನೋಯ್ತಿದೆ. ಅದಕ್ಕೇ ಅಂತ ಅವಸರ ಮಾಡ್ಬೇಡ. ನಿಧಾನಕ್ಕೆ ಬಾ. ಆದ್ರೆ ಬಾ."

ಬಹಳ ಹೊತ್ತಿನ ಮೇಲೆ ಒಳಗಿಂದ ಸಣ್ಣ ದನಿ: "ಮಿಸ್, ತಪ್ಪಾದ್ರೆ?"

"ಆಗತ್ತೆ. ಮೊನ್ನೆ ನಾನು ಬೋರ್ಡ್ ಮೇಲೆ ಎಂಟೇಳಲಿ ಐವತ್ನಾಲ್ಕು ಅಂತ ಬರೆದೆ. ಯಾರೂ ಹೇಳಲಿಲ್ಲ, ನೀನೂ ಹೇಳಲಿಲ್ಲ."

"ಗೊತ್ತಾಯ್ತು ಮಿಸ್. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ…"

"ಬೇಜಾರಾಗ್ತಿತ್ತು. ಆಮೇಲೆ ಅಳಿಸ್ತಿದ್ದೆ."

ಚಿಲಕ ಸರಿಯಿತು. ನಾವಿಬ್ಬರೂ ಮುಖ ತೊಳೆದುಕೊಂಡೆವು. ಅವಳು ಪರೀಕ್ಷೆ ಬರೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿಯ ಅರ್ಧ ತಿಂದಳು. "ಯಾರು ಮಾಡಿದ್ದು ಮಿಸ್? ಚೆನ್ನಾಗಿದೆ," ಎಂದಳು. ನಮ್ಮವರಿಗೆ ಹೇಳಿದೆ. ಸಂಜೆಯಿಂದ ಅವರು ನೆಲದ ಮೇಲೆ ನಡೆಯುತ್ತಿಲ್ಲ.

ಅಕ್ಟೋಬರ್ 12, ಶನಿವಾರ

ಪೋಷಕರ ಸಭೆ. ನೂರುವಿನ ತಂದೆ ಔಷಧಿ ಅಂಗಡಿಯವರು. ನಾಲ್ಕಾರು ಪೋಷಕರನ್ನು ಜೊತೆ ಮಾಡಿಕೊಂಡೇ ಬಂದಿದ್ದರು. ಈ ಪ್ರಯೋಗ ಇಂದೇ ನಿಲ್ಲಬೇಕು, ಇಲ್ಲವಾದರೆ ಮಗಳನ್ನು ಬೇರೆ ಶಾಲೆಗೆ ಸೇರಿಸುತ್ತೇನೆ ಎಂದರು. "ನನ್ನ ಮಗಳು ಎಲ್ಲಿದಾಳೆ ಅಂತ ನಂಗೆ ಗೊತ್ತಾಗ್ಬೇಕೋ ಬೇಡ್ವೋ? ಅವರೇನು ಇಲಿಗಳಾ, ಪ್ರಯೋಗ ಮಾಡೋಕೆ?"

ಹಿಂದಿನವರು ಹೌದು ಹೌದು ಎಂದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆಂದರೆ ಸೋತರೆಂದೇ ಅರ್ಥ. ಸಂಶೋಧಕಿ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದಳು.

ಆಗ ಯಾರೋ ಎದ್ದು ನಿಂತರು ಎಂದು ನೋಡಿದರೆ ನಾನೇ.

"ಎಲ್ಲಿದಾಳೆ ಅಂತ ಹೇಳ್ತೀನಿ, ಕೂತ್ಕೊಳ್ಳಿ," ಎಂದೆ. "ಬೀಜಗಣಿತ ನೀರು ಕುಡಿದ ಹಾಗೆ ಮಾಡ್ತಾಳೆ. ರೇಖಾಗಣಿತದಲ್ಲಿ ಚಿತ್ರ ಬರೆಯೋಕೆ ಮುಂಚೆ ಉತ್ತರಕ್ಕೆ ಹಾರ್ತಾಳೆ, ನಿಧಾನಿಸ್ಬೇಕು. ಹೊಸ ಥರದ ಲೆಕ್ಕ ಕೊಟ್ರೆ ಮುಟ್ಟಲ್ಲ, ತಪ್ಪಾಗಿಬಿಡತ್ತೆ ಅಂತ. ಪಕ್ಕದವಳಿಗೆ ನನಗಿಂತ ಚೆನ್ನಾಗಿ ಹೇಳ್ಕೊಡ್ತಾಳೆ. ಪರೀಕ್ಷೆ ದಿನ ಬೆಳಿಗ್ಗೆ ಏನೂ ತಿಂದಿರಲ್ಲ, ತಿಂದ್ರೂ ನಿಲ್ಲಲ್ಲ. ನಾನು ಇಷ್ಟು ದಿನ ನೂರು ಅಂತ ಬರೆದು ಕಳಿಸ್ತಿದ್ನಲ್ಲ, ಇದರಲ್ಲಿ ಯಾವುದಾದ್ರೂ ಒಂದು ನಿಮಗೆ ಅದರಲ್ಲಿ ಕಾಣಿಸಿತ್ತಾ?"

ಹಿಂದಿನವರು ತಮ್ಮ ತಮ್ಮ ಕುರ್ಚಿ ಹುಡುಕಿಕೊಂಡರು. ತಂದೆ ಕುರ್ಚಿಯ ತುದಿಗೆ ಕೂತರು. ಅಂಗಡಿಯಲ್ಲಿ ದಿನವೂ ಊರಿನವರ ಹೊಟ್ಟೆನೋವಿಗೆಲ್ಲ ಮಾತ್ರೆ ಕೊಡುವವರು.

"ತಿಂದಿರಲ್ವಾ?" ಎಂದು ಹೆಂಡತಿಯನ್ನು ಕೇಳಿದರು. "ತಿಂಡಿ ಡಬ್ಬೀಲಿ ಹಾಕ್ಕೊಂಡು ಹೋಗ್ತಿದ್ಲು, ಡಬ್ಬಿ ಖಾಲಿ ಬರ್ತಿತ್ತಲ್ಲೇ?"

"ಪಕ್ಕದವಳು ತಿಂತಾಳಂತೆ," ಎಂದೆ. "ಅವಳಿಗೆ ನಿಮ್ಮನೆ ಅಡುಗೆ ಬಹಳ ಇಷ್ಟ."

ಮೊದಲು ನಕ್ಕಿದ್ದು ಆ ತಾಯಿ. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕರು. ತಂದೆ ಜೇಬಿನಿಂದ ಕರವಸ್ತ್ರ ತೆಗೆದು ಹೆಂಡತಿಗೆ ಕೊಟ್ಟರು. ಹೋಗುವಾಗ ಬಾಗಿಲಲ್ಲಿ ನಿಂತು, "ಮುಂದಿನ ಸಲ ಏನು ಬರೀತೀರೋ ಅದನ್ನ ನಂಗೂ ಓದೋಕೆ ಕೊಡಿ ಮೇಡಂ," ಎಂದರು. ಪ್ರಯೋಗ ನಿಲ್ಲಲಿಲ್ಲ.

ಸಂಶೋಧಕಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅವಳಿಗೆ ತಪ್ಪು ತಿಳಿವಳಿಕೆ ಬೇಡ. ನಾನು ಈ ಸಂಶೋಧನೆಯ ಪರ ಅಲ್ಲ. ಆ ಮನುಷ್ಯನ ಮಾಹಿತಿ ತಪ್ಪಿತ್ತು, ತಿದ್ದಿದೆ, ಅಷ್ಟೆ.

ಅಕ್ಟೋಬರ್ 22, ಮಂಗಳವಾರ

ನಮ್ಮವರಿಗೆ ಈಚೆಗೆ ಏನೋ ಆಗಿದೆ. ಊಟಕ್ಕೆ ಕೂತಾಗ, "ಬೇಳೆ ಹದವಾಗಿ ಬೆಂದಿದೆ ರೀ. ಇನ್ನೊಂದು ಚೂರು ಹುಳಿ ಇದ್ದಿದ್ರೆ ರುಚಿ ಏಳ್ತಿತ್ತು. ನಾಳೆ ಹುಳಿ ಕೊನೆಗೆ ಹಾಕಿ ನೋಡಿ," ಎಂದೆ.

"ಎಷ್ಟು?" ಎಂದರು.

"ಒಂದು ಚಮಚ."

"ಹುಳಿ ಅಲ್ವೇ. ಎಷ್ಟು?"

"ಏನ್ರೀ ಎಷ್ಟು?"

ನನ್ನ ಮುಖವನ್ನೇ ನೋಡುತ್ತ ಕೂತರು, ಆಮೇಲೆ ಒಬ್ಬರೇ ನಗುತ್ತ ಇನ್ನೊಂದು ಸೌಟು ಬಡಿಸಿಕೊಂಡರು. ನಿವೃತ್ತಿಯಾದ ಮೇಲೆ ಗಂಡಸರಿಗೆ ಹೀಗೆಲ್ಲ ಆಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು.

ನವೆಂಬರ್ 5, ಮಂಗಳವಾರ

ಬರೆಯಲು ಹೊತ್ತಿಲ್ಲ. ಕಟ್ಟು ಕಾಯುತ್ತಿದೆ. ಮಕ್ಕಳು ಈಗ ನನ್ನ ಮಾತಿನ ಕೆಳಗೆ ಉತ್ತರ ಬರೆಯತೊಡಗಿದ್ದಾರೆ. ಒಬ್ಬಳು ಬರೆದಿದ್ದಾಳೆ: "ನೀವು ಹೇಳಿದ ಹಾಗೆ ಮಾಡಿದೆ, ಬರಲಿಲ್ಲ. ನನ್ನ ರೀತಿ ಮಾಡಿದೆ, ಬಂತು." ನೋಡಿದರೆ ಅವಳ ರೀತಿಯೇ ಚಿಕ್ಕದು. ನಾಳೆ ಬೋರ್ಡಿಗೆ ಕರೆದು ಎಲ್ಲರಿಗೂ ತೋರಿಸು ಎನ್ನಬೇಕು.

ಭಿನ್ನರಾಶಿಯ ಹುಡುಗನನ್ನು ಸ್ಟಾಫ್ ರೂಮಿನಲ್ಲಿ ಇನ್ನೂ ಹಳೇ ಹೆಸರಿನಿಂದಲೇ ಕರೆಯುತ್ತಾರೆ. ಕೋಪ ಬಂದು ಅವನ ಹಾಳೆ ತೋರಿಸಿದೆ, ಎರಡೂ ಬದಿ ತುಂಬಿತ್ತು. ಅರ್ಧ ತಪ್ಪು. ಆದರೆ ಎಂಥ ಒಳ್ಳೆಯ ತಪ್ಪುಗಳು! ಎಲ್ಲಿ ಎಡವಿದ, ಯಾಕೆ ಎಡವಿದ, ಎಲ್ಲ ಗೊತ್ತಾಗುತ್ತದೆ.

ನವೆಂಬರ್ 27, ಬುಧವಾರ

ದೊಡ್ಡ ಪರೀಕ್ಷೆಯ ಪತ್ರಿಕೆ ಕೊಟ್ಟೆವು, ಅಂಕ ಸಹಿತ. ಹುಡುಗನಿಗೆ ನಲವತ್ತೊಂದು. ಅವನು ಆ ಸಂಖ್ಯೆಯನ್ನು ಬೇರೆಯವರ ಮಗುವನ್ನು ಎತ್ತಿಕೊಂಡವನ ಹಾಗೆ ಹಿಡಿದು ನಿಂತಿದ್ದ.

ನೂರುವಿಗೆ ಎಂಬತ್ತೊಂಬತ್ತು. ಅವಳ ಪತ್ರಿಕೆಯನ್ನು ಕೊನೆಗೆ ಉಳಿಸಿಕೊಂಡು ಕೊಟ್ಟೆ. ಅವಳ ಮುಖ ಒಮ್ಮೆ ಕೆಂಪಾಯಿತು. ಹಾಳೆ ಎತ್ತಿಕೊಂಡು ಹೋಗಿ ಜಾಗದಲ್ಲಿ ತಲೆ ಬಗ್ಗಿಸಿ ಕೂತಳು. ಬಾತ್‌ರೂಮಿನ ದಾರಿಗೆ ಅಡ್ಡ ನಿಲ್ಲಲು ನಾನು ಸಿದ್ಧಳಾಗಿದ್ದೆ. ಗಂಟೆ ಹೊಡೆಯುವ ಮುಂಚೆ ಮೇಜಿನ ಬಳಿ ಬಂದಳು.

"ಮಿಸ್, ಹನ್ನೊಂದೂ ಎಲ್ಲಿ ಹೋಯ್ತು ಅಂತ ಗೊತ್ತಾಯ್ತು. ಕೊನೇ ಲೆಕ್ಕ ಹೊಸ ಥರದ್ದಲ್ವಾ, ಆದ್ರೂ ಮುಟ್ಟಿದೆ. ಅರ್ಧ ಬಂತು. ಉಳಿದ ಅರ್ಧ ಹೇಗೆ?"

ಹೇಳಿಕೊಟ್ಟೆ. ಸಂಜೆ ಅವಳ ತಂದೆ ಅಂಗಡಿ ಬಿಟ್ಟು ಶಾಲೆಗೆ ಬಂದರು. ಪರೀಕ್ಷೆಯ ದಿನ ಬೆಳಿಗ್ಗೆ ಮಗಳು ತಿಂಡಿ ತಿಂದು, ಎರಡನೇ ಸಲ ಬಡಿಸಿಕೊಂಡಿದ್ದಳಂತೆ. ಅದನ್ನು ಹೇಳಲೆಂದೇ ಬಂದಿದ್ದರು. ಅಂಕದ ಬಗ್ಗೆ ಕೇಳಿದರು, ಇಲ್ಲವೆಂದಲ್ಲ. ಆದರೆ ಎರಡನೆಯದಾಗಿ ಕೇಳಿದರು.

ಡಿಸೆಂಬರ್ 6, ಶುಕ್ರವಾರ

ಸಂಶೋಧಕಿ ಫಲಿತಾಂಶ ತಂದಳು, ಮುಖ ಬಾಡಿತ್ತು. ಅಂಕದಲ್ಲಿ ನಮ್ಮ ವಿಭಾಗಕ್ಕೂ ಬಿ ವಿಭಾಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿದ್ದೆ, ಭಯ, ಶಾಲೆಗೆ ಬರುವ ಇಷ್ಟ, ಇವುಗಳಲ್ಲಿ ಮಾತ್ರ ನಮ್ಮವರು ಮುಂದೆ. ಆದರೆ ಒಂದೇ ಶಾಲೆ, ಎರಡೇ ತರಗತಿ. "ಸೂಚನೆ ಇದೆ, ಸಾಬೀತಾಗಿಲ್ಲ ಅಂತ ಬರೀಬೇಕು ಮೇಡಂ. ಎಲ್ಲರೂ ಅಂಕ ಏರಿತಾ ಅಂತಲೇ ಕೇಳ್ತಾರೆ."

"ಅಂಕ ಇಳೀಲಿಲ್ಲವಲ್ಲ," ಎಂದೆ. "ಅಷ್ಟೇ ಅಂಕ, ಜೊತೆಗೆ ನಿದ್ದೆ. ನಿದ್ದೆ ಪುಕ್ಕಟೆ ಸಿಕ್ತು ಅಂತ ಬರಿ ಕಣಮ್ಮ."

ನಕ್ಕಳು. ಹಾಗೆ ಬರೆಯಲು ಬರುವುದಿಲ್ಲವಂತೆ, ಆದರೆ ಹೇಗಾದರೂ ಸೇರಿಸುತ್ತೇನೆ ಎಂದಳು. ಪ್ರಬಂಧದ ಕರಡನ್ನು ಓದಿ ತಿದ್ದಿಕೊಡುತ್ತೀರಾ ಎಂದು ಕೇಳಿದಳು. "ಅಂಕ ಹಾಕ್ಬೇಡಿ ಮತ್ತೆ!" ಎಂದೂ ಸೇರಿಸಿದಳು. ಉಗುರು ಸ್ವಲ್ಪ ಬೆಳೆದಿದೆ.

ಬಿ ವಿಭಾಗದ ಮೇಷ್ಟ್ರು ಹೋಗುವಾಗ ನನ್ನ ತಿದ್ದಿದ ಕಟ್ಟಿನಿಂದ ಎರಡು ಪತ್ರಿಕೆ ಮೆಲ್ಲಗೆ ತೆಗೆದುಕೊಂಡರು. "ಸುಮ್ನೆ ನೋಡೋಣ ಅಂತ," ಎಂದರು.

ಮುಂದಿನ ಅವಧಿಗೆ ಅಂಕ ಹಾಕುವುದೋ ಬಿಡುವುದೋ ನನ್ನ ಇಷ್ಟವಂತೆ. ಅಂಕ ಬೇಕೆಂಬುದೇ ನನ್ನ ಅಭಿಪ್ರಾಯ. ನಾನು ಅಭಿಪ್ರಾಯ ಬದಲಿಸುವವಳಲ್ಲ. ನೋಡೋಣ.

ಡಿಸೆಂಬರ್ 11, ಬುಧವಾರ

ಇಂದು ಕೊನೆಯ ಗಂಟೆಯಲ್ಲಿ ಬೋರ್ಡಿನ ಮೇಲೆ ಒಂದು ಸಮೀಕರಣ ಕೊಟ್ಟು, ಯಾರು ಬರ್ತೀರಿ ಎಂದೆ. ಮೂರು ಗುಣಿಸು ಆವರಣದಲ್ಲಿ ಎಕ್ಸ್ ಕಳೆ ನಾಲ್ಕು, ಅದರಿಂದ ಎರಡು ಗುಣಿಸು ಆವರಣದಲ್ಲಿ ಎಕ್ಸ್ ಕಳೆ ಐದು ಕಳೆದರೆ, ಏಳು. ನೂರು ತಾನಾಗಿ ಎದ್ದು ಬಂದಳು. ಸರಸರ ಬರೆದಳು. ಎಕ್ಸ್ ಎಂದರೆ ಇಪ್ಪತ್ತೊಂಬತ್ತು ಎಂದು ಬಂತು. ಹಾಕಿ ನೋಡಿದರೆ ಏಳು ಬರಬೇಕಾದಲ್ಲಿ ಇಪ್ಪತ್ತೇಳು.

ತರಗತಿ ಉಸಿರು ಬಿಗಿಹಿಡಿಯಿತು. ನಾನೂ ಹಿಡಿದೆ.

"ಅಯ್ಯೋ, ಎಲ್ಲೋ ಕಳ್ಕೊಂಡೆ!" ಎಂದು ಅವಳು ನಕ್ಕಳು. ಹಿಂದಿನ ಸಾಲಿನಿಂದ ಹುಡುಗ ಎದ್ದುಬಂದ. "ತಡಿ, ಕೆಳಗಿಂದ ಮೇಲಕ್ಕೆ ನೋಡೋಣ. ನಂಗೆ ಹಂಗೆ ನೋಡಿದ್ರೇ ಸಿಗೋದು," ಎಂದ. ಇಬ್ಬರೂ ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ವಾದಕ್ಕಿಳಿದರು. ಅವನು ಕೂಡಿಸಿದ್ದೇ ತಪ್ಪು ಎಂದ, ಅವಳು ಅಲ್ಲವೇ ಅಲ್ಲ ಎಂದಳು. ಅವನ ತೋಳಿನ ತುಂಬ ಸೀಮೆಸುಣ್ಣ.

ಗಂಟೆ ಹೊಡೆಯಿತು. ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿ ಗದ್ದಲ ಮಾಡುತ್ತ ಹೊರಟರು. ಇವರಿಬ್ಬರಿಗೆ ಗಂಟೆ ಕೇಳಿಸಲೇ ಇಲ್ಲ. ಕಸ ಗುಡಿಸುವಾಕೆ ಪೊರಕೆ ಹಿಡಿದು ಬಂದಳು. ಒಂದು ನಿಮಿಷ ಎಂದು ಸನ್ನೆ ಮಾಡಿದೆ. ಅವಳೂ ಪೊರಕೆ ಒರಗಿಸಿ ನನ್ನ ಪಕ್ಕ ನಿಂತಳು.

"ಏನಾಗಿದೆ ಮೇಡಂ?" ಎಂದು ಪಿಸುಮಾತಿನಲ್ಲಿ ಕೇಳಿದಳು.

"ಹುಡುಕ್ತಿದಾರೆ."

ತಪ್ಪು ಎರಡನೇ ಸಾಲಿನಲ್ಲೇ ಇತ್ತು. ಆವರಣ ಬಿಡಿಸುವಾಗ ಕೂಡು ಆಗಬೇಕಾದ ಚಿಹ್ನೆ ಕಳೆ ಆಗಿತ್ತು. ಬಾಗಿಲಿನಿಂದಲೇ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಹೇಳಲಿಲ್ಲ.